ಮನೆಯ ಕಂಪ್ಯೂಟರ್: ಕೇಳಿ, ಹೇಳುತ್ತೇವೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಕಂಪ್ಯೂಟರ್ ಕೆಟ್ಟಿದೆ ಎಂದು ಬರೆದವರಲ್ಲಿ ಅರ್ಧಕ್ಕರ್ಧ ಮಂದಿಯ ತೊಂದರೆಯ ಬೇರು ಡಬ್ಬದ ಹೊರಗಿದೆ. ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ, ಕೋಣೆಯ ಶೀತ ಆರುವುದಿಲ್ಲ, ಕರೆಂಟು ನೆಟ್ಟಗೆ ಬರುವುದಿಲ್ಲ. ಇವನ್ನು ಹಾಗೇ ಬಿಟ್ಟು ಹೊಸ ಯಂತ್ರ ತಂದರೆ ಅದಕ್ಕೂ ಇದೇ ಗತಿ. ಆದ್ದರಿಂದ ಈ ಸಂಚಿಕೆಯಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಸರ್, ಕಂಪ್ಯೂಟರ್ ಆನ್ ಇದ್ದಾಗ ಸಿಪಿಯು ಡಬ್ಬದ ಹಿಂಭಾಗ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಚಪ್ಪಲಿ ಹಾಕಿಕೊಂಡಿದ್ದರೆ ಗೊತ್ತಾಗುವುದಿಲ್ಲ. ಟೆಸ್ಟರ್ ಇಟ್ಟರೆ ಉರಿಯುತ್ತದೆ. ರಿಪೇರಿಯವರು ಒಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಬದಲಾಯಿಸಿದರು, ಆದರೂ ಹೋಗಲಿಲ್ಲ. ಹಳೇ ಹಂಚಿನ ಮನೆ. ಮಗಳು ಅದರಲ್ಲೇ ಓದಿಕೊಳ್ಳುತ್ತಾಳೆ, ಭಯವಾಗುತ್ತದೆ.
— ಗೃಹಿಣಿ, ಮೂಡಿಗೆರೆ

ಉತ್ತರ: ನೀವು ಹೇಳಿದ ಲಕ್ಷಣಗಳೆಲ್ಲ ಅರ್ಥಿಂಗ್ ಇಲ್ಲದ ಪ್ಲಗ್ಗನ್ನೇ ತೋರಿಸುತ್ತವೆ. ಹೊಸ ಎಸ್‌ಎಂಪಿಎಸ್ ಹಾಕಿದರೂ ಹೋಗದಿರಲು ಕಾರಣವಿದೆ. ಪ್ರತಿ ಎಸ್‌ಎಂಪಿಎಸ್‌ನ ಬಾಯಲ್ಲೂ ಎರಡು ಸಣ್ಣ ಕೆಪ್ಯಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಡಬ್ಬದ ಲೋಹಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಲೋಹಕ್ಕೆ. ಲೈನಿನ ಗಲೀಜನ್ನು ಭೂಮಿಗೆ ಇಳಿಸುವುದು ಅವುಗಳ ಕೆಲಸ. ಭೂಮಿಯ ದಾರಿಯೇ ಕಡಿದಿದ್ದರೆ ಡಬ್ಬ ಎರಡರ ನಡುವೆ ತೂಗುತ್ತ 230 ವೋಲ್ಟಿನ ಅರ್ಧ, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಅದರಿಂದ ಹರಿಯುವ ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್ ಒಳಗೇ ಇರುವುದರಿಂದ ಜುಮ್ಮೆನಿಸಿ ಬಿಡುತ್ತದೆ. ಆದರೆ ನಾಳೆ ನಿಜವಾಗಿಯೂ ಒಳಗೊಂದು ವೈರ್ ಸುಲಿದು ಡಬ್ಬಕ್ಕೆ ತಾಗಿದರೆ ಆಗಲೂ ಕೈಗೆ ಮೊದಲು ಸಿಗುವುದು ಇಂಥದೇ ಸೂಚನೆ, ಮತ್ತು ಆ ಕರೆಂಟು ಬಿಡುವುದಿಲ್ಲ. ಆದ್ದರಿಂದ ಸರಿಯಾಗುವವರೆಗೆ ಮಗಳು ಚಪ್ಪಲಿ ಹಾಕಿಕೊಂಡೇ ಕೂರಲಿ, ಕಾಲ ಕೆಳಗೆ ಒಣ ಮಣೆ ಇರಲಿ, ಆನ್ ಇದ್ದಾಗ ಹಿಂದಿನ ಯಾವ ವೈರನ್ನೂ ಮುಟ್ಟದಿರಲಿ.

ಎಲೆಕ್ಟ್ರಿಷಿಯನ್ ಬಂದಾಗ ಮಲ್ಟಿಮೀಟರ್ ತರಲು ಹೇಳಿ. ಎಸಿ ವೋಲ್ಟ್‌ಗೆ ತಿರುಗಿಸಿ ಅದೇ ಪ್ಲಗ್ಗಿನಲ್ಲಿ ಮೂರು ಅಳತೆ ತೆಗೆಯಬೇಕು. ಫೇಸ್–ನ್ಯೂಟ್ರಲ್ ನಡುವೆ 210ರಿಂದ 240. ಫೇಸ್–ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟಿನ ಒಳಗೆ. ಎರಡನೆಯದು 90, 60 ಎಂದು ಓಲಾಡುತ್ತಿದ್ದರೆ ಅರ್ಥ್ ವೈರ್ ಎಲ್ಲೋ ಕಡಿದಿದೆ. ಮೀಟರು ಸರಿಯಾಗಿ ತೋರಿಸಿದ ಮಾತ್ರಕ್ಕೂ ನಂಬಬೇಡಿ. ಡಿಜಿಟಲ್ ಮೀಟರ್ ಕರೆಂಟನ್ನೇ ಎಳೆಯದ ಕಾರಣ ತುಕ್ಕು ಹಿಡಿದ ಜೋಡಣೆಯೂ ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ. ಹೋಲ್ಡರಿಗೆ 100 ವ್ಯಾಟ್ ಬಲ್ಬು ಹಾಕಿ ಫೇಸ್–ಅರ್ಥ್ ನಡುವೆ ಉರಿಸಿ ನೋಡುವುದು ಎಲೆಕ್ಟ್ರಿಷಿಯನ್ನರ ಹಳೆಯ ಕ್ರಮ. ಬೆಳಕು ಪೂರ್ತಿ ಬಂದರೆ ಅರ್ಥ್ ಗಟ್ಟಿ, ಮಂಕಾದರೆ ಸೋತಿದೆ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಭೂಮಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಬಲ್ಬು ಹಾಕಿದ ಕ್ಷಣ ಅದು ಬೀಳುತ್ತದೆ, ಅರ್ಥ್ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಈ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ನೇ ಮಾಡಲಿ, ಮನೆಯವರು ಕೈಹಾಕುವುದು ಬೇಡ.

ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲಿನ ವೈರಿಂಗ್‌ನಲ್ಲಿ ಹಸಿರು ವೈರ್ ಇರುವುದೇ ಇಲ್ಲ. ಮೂರು ಪಿನ್ನಿನ ಸಾಕೆಟ್ ಕೂರಿಸಿರುತ್ತಾರೆ, ಮೇಲಿನ ದಪ್ಪ ತೂತಿನ ಹಿಂದೆ ಏನೂ ಇರುವುದಿಲ್ಲ. ಹಾಗಿದ್ದರೆ ಮನೆಯ ವೈರಿಂಗ್ ಪೂರ್ತಿ ಬದಲಿಸುವ ತನಕ ಕಾಯಬೇಡಿ. ಕಂಪ್ಯೂಟರಿನ ಸಾಕೆಟ್ಟಿನಿಂದ 2.5 ಚದರ ಮಿ.ಮೀ. ಹಸಿರು ತಾಮ್ರದ ವೈರನ್ನು ಬೇರೆಯಾಗಿ ಅರ್ಥ್ ಗುಂಡಿಗೆ ಎಳೆಸಿ. ಗುಂಡಿ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರವಿರಲಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಎರಡೂವರೆ ಮೀಟರ್ ಉದ್ದ, ಸುಮಾರು 40 ಮಿ.ಮೀ. ಒಳವ್ಯಾಸ. ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ. ಈಗಾಗಲೇ ಗುಂಡಿ ಇದ್ದರೆ ಮೊದಲು ನೋಡಬೇಕಾದದ್ದು ಪೈಪಿನ ಕೊರಳಿನ ನಟ್‌ಬೋಲ್ಟ್. ನಮ್ಮ ಕಡೆಯ ಮಳೆಗೆ ಅದು ತುಕ್ಕು ಹಿಡಿದು ಪುಡಿಯಾಗಿ, ವೈರ್ ಸುಮ್ಮನೆ ಒರಗಿಕೊಂಡಿರುವುದೇ ಹೆಚ್ಚು. ಬಿಚ್ಚಿ, ಅರದಿಂದ ಉಜ್ಜಿ, ಹೊಸ ಬೋಲ್ಟ್ ಹಾಕಿ ಗ್ರೀಸ್ ಹಚ್ಚಿಸಿ. ಮಳೆಗಾಲದಲ್ಲಿ ನೆಲ ತಾನೇ ಒದ್ದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೆ ಎರಡು ಬಕೆಟ್ ನೀರು ಗುಂಡಿಗೆ ಬೀಳಲಿ.

ಒಂದು ಕೆಲಸವನ್ನು ಯಾರು ಹೇಳಿದರೂ ಮಾಡಿಸಬೇಡಿ. ಅರ್ಥ್ ಇಲ್ಲವೆಂದು ಸಾಕೆಟ್ಟಿನ ಒಳಗೇ ನ್ಯೂಟ್ರಲ್ಲಿಗೂ ಅರ್ಥ್ ಪಿನ್ನಿಗೂ ಒಂದು ತುಂಡು ವೈರ್ ಕಟ್ಟಿ ಹೋಗುವವರಿದ್ದಾರೆ. ಜುಮ್ಮೆನ್ನುವುದು ಅಲ್ಲಿಗೆ ನಿಲ್ಲುತ್ತದೆ. ಆದರೆ ಕಂಬದ ಹತ್ತಿರ ನ್ಯೂಟ್ರಲ್ ತುಂಡಾದ ದಿನ ಪೂರ್ತಿ 230 ವೋಲ್ಟ್ ಡಬ್ಬದ ಮೈಮೇಲೆ ಬಂದು ಕೂರುತ್ತದೆ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ಊರಿನಲ್ಲಿ ಆ ದಿನ ಬಾರದೆ ಇರುವುದಿಲ್ಲ.

ಪ್ರಶ್ನೆ: ಆಷಾಢದಲ್ಲಿ ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ಒಂದೂವರೆ ತಿಂಗಳು ಬಿಟ್ಟು ಬಂದೆವು. ಈಗ ಕಂಪ್ಯೂಟರ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಇಲ್ಲ. ನಡುನಡುವೆ ಉದ್ದಕ್ಕೆ ಬೀಪ್ ಬರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಒಳಗಿಟ್ಟಿದ್ದೆ, ಪ್ರಯೋಜನವಾಗಲಿಲ್ಲ.
— ನಿವೃತ್ತರು, ಶೃಂಗೇರಿ

ಉತ್ತರ: ಮೊದಲು ಆನ್ ಮಾಡಿ ಮಾಡಿ ನೋಡುವುದನ್ನು ನಿಲ್ಲಿಸಿ. ಶೀತ ಕುಡಿದ ಧೂಳು ಕರೆಂಟನ್ನು ಹರಿಯಗೊಡುತ್ತದೆ. ಉದ್ದ ಬೀಪ್ ಸಾಮಾನ್ಯವಾಗಿ ಮೆಮೊರಿ ಪಟ್ಟಿಯ, ಅಂದರೆ ರ‍್ಯಾಮಿನ ದೂರು. ಇಂದು ಬರೇ ರ‍್ಯಾಮ್ ತೊಂದರೆಯಾಗಿರುವುದು ನಾಳೆ ಮದರ್‌ಬೋರ್ಡ್ ತೊಂದರೆಯಾದೀತು.

ಗೋಡೆಯಿಂದ ಪಿನ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿದುಹೋಗಲಿ. ಹಿಂಭಾಗದ ಎರಡು ಸ್ಕ್ರೂ ತೆಗೆದರೆ ಪಕ್ಕದ ಬಾಗಿಲು ಹಿಂದಕ್ಕೆ ಸರಿಯುತ್ತದೆ. ಟೇಬಲ್ ಫ್ಯಾನ್ ಮುಂದೆ ಎರಡು ಮೂರು ಗಂಟೆ ಬಾಗಿಲು ತೆರೆದಿಡಿ. ಹೊರಗೆ ಮಳೆ ಹಿಡಿದಿದ್ದರೆ ಫ್ಯಾನಿನ ಗಾಳಿಯೂ ಒದ್ದೆಯೇ, ಆಗ 60 ವ್ಯಾಟಿನ ಹಳೇ ಬಲ್ಬನ್ನು ಒಂದಡಿ ದೂರದಲ್ಲಿ ಉರಿಸಿಡಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗದು. ಕೂದಲು ಒಣಗಿಸುವ ಡ್ರೈಯರ್ ಬಿಸಿ ಬೇಡ, ಪ್ಲಾಸ್ಟಿಕ್ ಕೊಂಡಿಗಳು ಬಾಗುತ್ತವೆ.

ಒಣಗಿದ ಮೇಲೆ ರ‍್ಯಾಮ್. ಎರಡೂ ತುದಿಯ ಬಿಳಿ ಕೊಂಡಿಯನ್ನು ಹೊರಕ್ಕೆ ಒತ್ತಿದರೆ ಪಟ್ಟಿ ಮೇಲೇಳುತ್ತದೆ. ಕೆಲವು ಬೋರ್ಡಿನಲ್ಲಿ ಕೊಂಡಿ ಒಂದೇ ತುದಿಗಿರುತ್ತದೆ. ಪಟ್ಟಿಯ ಕೆಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಚಿನ್ನದ ಬಣ್ಣದ ಹಲ್ಲುಗಳ ಸಾಲಿನ ಮೇಲೆ ಕಂದು ಮಬ್ಬು ಕಾಣಿಸುತ್ತದೆ. ಮಕ್ಕಳ ಬಿಳಿ ರಬ್ಬರಿನಿಂದ ಹಲ್ಲಿನ ಉದ್ದಕ್ಕೆ ನಾಲ್ಕೈದು ಸಲ ಉಜ್ಜಿ, ರಬ್ಬರಿನ ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿ. ಮರಳು ಕಾಗದ ಖಂಡಿತ ಬೇಡ, ಚಿನ್ನದ ಲೇಪ ಬಲು ತೆಳು, ಒಮ್ಮೆ ಹೋದರೆ ಕೆಳಗಿನ ಲೋಹ ಮುಂದಿನ ಮಳೆಗಾಲಕ್ಕೇ ಕಪ್ಪಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನೂ ಹಾಕಬೇಡಿ. ಮತ್ತೆ ಕೂರಿಸುವಾಗ ಪಟ್ಟಿಯ ನಡುವಿನ ಕಚ್ಚನ್ನು ಸ್ಲಾಟಿನ ಗುಬುಟಿಗೆ ಹೊಂದಿಸಿ, ಎರಡು ಹೆಬ್ಬೆರಳಿನಿಂದ ಟಕ್ ಎನ್ನುವವರೆಗೆ ಒತ್ತಿ. ಹೆಚ್ಚಿನವರು ತಪ್ಪುವುದು ಇಲ್ಲಿ, ಮುರಿದೀತೆಂದು ಹೆದರಿ ಅರ್ಧ ಒತ್ತುತ್ತಾರೆ. ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ ನೋಡಿ, ಬಾರದಿದ್ದರೆ ಇನ್ನೊಂದು ಸ್ಲಾಟಿನಲ್ಲಿ, ಆಮೇಲೆ ಇನ್ನೊಂದು ಪಟ್ಟಿ. ಈ ನಾಲ್ಕು ಬಗೆಯಲ್ಲೂ ಬಾರದಿದ್ದರೆ ಮಾತ್ರ ಅಂಗಡಿಗೆ ಒಯ್ಯಿರಿ.

ಸಿಲಿಕಾ ಜೆಲ್ ಬಗ್ಗೆ: ಕ್ಯಾಬಿನೆಟ್ಟಿಗೆ ಮೈಯೆಲ್ಲ ಕಿಂಡಿ. ಅದರೊಳಗಿನ ಪೊಟ್ಟಣ ಇಡೀ ಶೃಂಗೇರಿಯ ಗಾಳಿಯನ್ನು ಒಣಗಿಸಲು ಹೊರಟಂತೆ, ಒಂದೆರಡು ದಿನಕ್ಕೇ ತುಂಬಿಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾರ್ಡ್‌ಡಿಸ್ಕ್, ಕ್ಯಾಮೆರಾ ಇಡುವುದಿದ್ದರೆ ಅದು ಒಳ್ಳೆಯದೇ. ಬಣ್ಣ ತಿರುಗಿದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೊದಲಿನ ಬಣ್ಣ ಬರುವವರೆಗೆ ಹುರಿಯಬೇಕು, ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ.

ಕಂಪ್ಯೂಟರಿಗೆ ಶೀತದ ಮದ್ದು ಅದರ ಸ್ವಂತ ಬಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿರಲಿ ಬಿಡಲಿ ದಿನಕ್ಕೆ ಮುಕ್ಕಾಲು ಗಂಟೆ ಆನ್ ಮಾಡಿ. ಊರಿಗೆ ಹೋಗುವುದಾದರೆ ಪಿನ್ ಕಿತ್ತು ಹೋಗಿ. ಗೋಡೆಯ ಸ್ವಿಚ್ ಹಾಕಿದ್ದು ಕಂಪ್ಯೂಟರ್ ಮಾತ್ರ ಆಫ್ ಇದ್ದರೆ ಮದರ್‌ಬೋರ್ಡ್ ಮೇಲೆ 5 ವೋಲ್ಟ್ ಸದಾ ಇರುತ್ತದೆ. ಒದ್ದೆ ಧೂಳಿನ ನಡುವೆ ಆ 5 ವೋಲ್ಟೇ ತಾಮ್ರವನ್ನು ತಿನ್ನಿಸಿ ಹಸಿರು ಕಿಲುಬು ಏಳಿಸುತ್ತದೆ. ಡಬ್ಬ ನೆಲದಿಂದ ಅರ್ಧ ಅಡಿ ಮೇಲೆ ಮಣೆಯ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರವಿರಲಿ. ಹೊದಿಸುವುದು ಹತ್ತಿಬಟ್ಟೆ, ಪ್ಲಾಸ್ಟಿಕ್ ಅಲ್ಲ. ಹಿಂಭಾಗದ ಖಾಲಿ ಸ್ಲಾಟಿಗೆ ತಗಡು ಮುಚ್ಚಿಲ್ಲದಿದ್ದರೆ ಮುಚ್ಚಿಸಿ. ಬೆಚ್ಚಗಿನ ಜಾಗ ಹುಡುಕಿ ಹಲ್ಲಿ ಎಸ್‌ಎಂಪಿಎಸ್ ತನಕ ಹೋಗುತ್ತದೆ, ಅದೂ ಸತ್ತು ಎಸ್‌ಎಂಪಿಎಸ್ಸನ್ನೂ ಸುಡುತ್ತದೆ.

ಪ್ರಶ್ನೆ: ಸಿಡಿಲಿಗೆ ಮೂರು ವರ್ಷದಲ್ಲಿ ಎರಡು ಸಲ ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟ್ ಸುಟ್ಟಿದೆ. ಎರಡು ಸಲವೂ ಸ್ವಿಚ್ ಆಫ್ ಆಗಿತ್ತು. ಸ್ಪೈಕ್ ಗಾರ್ಡ್ ಸಹ ಇತ್ತು.
— ಓದುಗರು, ಕೊಪ್ಪ

ಉತ್ತರ: ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ. ನ್ಯೂಟ್ರಲ್, ಅರ್ಥ್ ಎರಡೂ ಕಂಪ್ಯೂಟರಿಗೆ ಅಂಟಿಕೊಂಡೇ ಇರುತ್ತವೆ. ಸಿಡಿಲು ಹತ್ತಿರ ಬಿದ್ದಾಗ ಏಳುವ ಸಾವಿರಾರು ವೋಲ್ಟಿಗೆ ಸ್ವಿಚ್ಚಿನೊಳಗಿನ ಮಿಲಿಮೀಟರ್ ಲೆಕ್ಕದ ಸಂದು ಲೆಕ್ಕಕ್ಕಿಲ್ಲ. ಹಾಗಾಗಿ ಗುಡುಗು ಕೇಳಿದರೆ ಪಿನ್ ಕೀಳಬೇಕು. ಆದರೆ ನಿಮ್ಮಲ್ಲಿ ಸುಟ್ಟಿರುವುದು ನೆಟ್‌ವರ್ಕ್ ಪೋರ್ಟ್, ಅಂದರೆ ಸಿಡಿಲು ಬಂದದ್ದು ನೆಟ್ ಕೇಬಲ್ ಹಿಡಿದು. ರೂಟರಿನ ಅಡಾಪ್ಟರ್ ಪ್ಲಗ್ಗಿನಲ್ಲೇ ಇತ್ತಲ್ಲವೇ? ಕರೆಂಟ್ ಲೈನಿನಿಂದ ಅಡಾಪ್ಟರ್, ಅಲ್ಲಿಂದ ರೂಟರ್, ಅಲ್ಲಿಂದ ತಾಮ್ರದ ಕೇಬಲ್, ಅಲ್ಲಿಂದ ನಿಮ್ಮ ಪೋರ್ಟ್.

ನಿಮ್ಮದು ಫೈಬರ್ ಇಂಟರ್ನೆಟ್ ಆಗಿದ್ದರೆ, ಫೈಬರ್ ಗಾಜಿನದು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ ಎನ್ನುವುದು ಸರಿ. ಆದರೆ ಕಂಬದಿಂದ ಮನೆಗೆ ಎಳೆದ ಕಪ್ಪು ಕೇಬಲ್ಲಿನಲ್ಲಿ ಗಾಜಿನ ಎಳೆಯ ಜೊತೆ ಭಾರ ತಡೆಯಲು ಉಕ್ಕಿನ ತಂತಿ ಇರುವುದುಂಟು. ಕೇಬಲ್ ಹಾಕುವವರಿಗೆ ಹೇಳಿ ಆ ತಂತಿಯನ್ನು ಗೋಡೆಯ ಹೊರಗೇ ಕೊಕ್ಕೆಗೆ ಕಟ್ಟಿ ಕತ್ತರಿಸಿಸಿ, ಮನೆಯೊಳಗೆ ಗಾಜಿನ ಎಳೆ ಮಾತ್ರ ಬರಲಿ. ಎರಡನೆಯದಾಗಿ, ಕಂಪ್ಯೂಟರಿಗೆ ಯುಎಸ್‌ಬಿ ವೈಫೈ ಡಾಂಗಲ್ ಹಾಕಿ ತಾಮ್ರದ ಕೇಬಲನ್ನೇ ತೆಗೆದುಬಿಡಿ. ರೂಟರಿಗೆ ಹೊಡೆದರೂ ಕಂಪ್ಯೂಟರಿಗೆ ದಾಟಲು ದಾರಿ ಇರುವುದಿಲ್ಲ. ನಿಮ್ಮ ಪ್ರಶ್ನೆಗೆ ನಾವು ಕೊಡಬಹುದಾದ ಅತ್ಯುತ್ತಮ ಸಲಹೆ ಇದೇ. ಅಂಗಳದ ಕ್ಯಾಮೆರಾದ ದೃಶ್ಯ ಉಳಿಸುವ ಡಿವಿಆರ್ ಅನ್ನು ಅದೇ ಮಾನಿಟರಿಗೆ ಜೋಡಿಸಿದ್ದರೆ ಅದೂ ಸಿಡಿಲಿಗೆ ಇನ್ನೊಂದು ಬಾಗಿಲು.

ಸ್ಪೈಕ್ ಗಾರ್ಡ್ ಒಳಗೆ ಬಟನ್ನಿನಂಥ ಒಂದು ಭಾಗವಿದೆ. ಹೆಚ್ಚಿನ ವೋಲ್ಟ್ ಬಂದಾಗ ಅದನ್ನು ತಾನು ನುಂಗುತ್ತದೆ, ನುಂಗಿದಷ್ಟೂ ಸವೆಯುತ್ತದೆ. ಅರ್ಥ್ ಇಲ್ಲದ ಮನೆಯಲ್ಲಿ ಭೂಮಿಗೆ ಇಳಿಸಲು ಅದಕ್ಕೆ ದಾರಿಯೂ ಇಲ್ಲ. ಕೆಂಪು ದೀಪ ಉರಿಯುತ್ತಿದೆ ಎಂದರೆ ಕರೆಂಟಿದೆ ಎಂದಷ್ಟೇ ಅರ್ಥವಿರುವ ಮಾದರಿಗಳೇ ಬಹಳ. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮಳೆಗೂ ಅಕ್ಟೋಬರಿನ ಮಳೆಗೂ ಗುಡುಗು ಹೆಚ್ಚು, ಆ ದಿನಗಳಲ್ಲಿ ತೋಟಕ್ಕೆ ಹೊರಡುವ ಮೊದಲೇ ಪಿನ್ ಕಿತ್ತಿಡಿ.

ಪ್ರಶ್ನೆ: 600 ವಿಎ ಯುಪಿಎಸ್ ಇದೆ. ಕರೆಂಟು ಹೋದರೆ ಕೀ ಕೀ ಎಂದು ಒಂದೇ ನಿಮಿಷಕ್ಕೆ ಆಫ್ ಆಗುತ್ತದೆ. ಲೇಸರ್ ಪ್ರಿಂಟರ್ ಹಾಕಿದರಂತೂ ತಕ್ಷಣ. ಮನೆಗೆ ಇನ್ವರ್ಟರ್ ಇರುವಾಗ ಯುಪಿಎಸ್ ಬೇಕೇ?
— ಟ್ಯೂಷನ್ ಶಿಕ್ಷಕಿ, ಹಾಸನ

ಉತ್ತರ: 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಕಂಪ್ಯೂಟರ್, ಮಾನಿಟರ್ ಸೇರಿ 100–120 ವ್ಯಾಟ್ ಎಳೆಯುತ್ತದೆ. ಒಳಗಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಹೊಸತಿದ್ದಾಗ ಇಷ್ಟು ಭಾರಕ್ಕೆ ಹತ್ತು ಹದಿನೈದು ನಿಮಿಷ ಬರಬೇಕು. ಒಂದು ನಿಮಿಷ ಎಂದರೆ ಬ್ಯಾಟರಿ ಮುಗಿದಿದೆ, ಎರಡು ಮೂರು ವರ್ಷಕ್ಕೆ ಅದು ಮುಗಿಯುವುದೂ ಸಹಜ. ಯುಪಿಎಸ್ ಬಿಸಾಡಬೇಡಿ. ಆಫ್ ಮಾಡಿ, ಪಿನ್ ಕಿತ್ತು, ಬಿಚ್ಚಿದರೆ ಕೆಂಪು ಕಪ್ಪು ಎರಡು ವೈರಿನ ಕ್ಲಿಪ್ ಕಾಣುತ್ತದೆ. ಅಂಗಡಿಗೆ ಹಳೇ ಬ್ಯಾಟರಿಯನ್ನೇ ಒಯ್ದು ಕ್ಲಿಪ್ಪಿನ ಅಗಲವೂ ಒಂದೇ ಇರುವುದನ್ನು ಕೇಳಿ ತನ್ನಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಸ್ಪ್ಯಾನರ್ ಅಥವಾ ಬಳೆ ಎರಡೂ ತುದಿಗೆ ಒಟ್ಟಿಗೆ ತಾಗದಂತೆ ಎಚ್ಚರ. ಹಾಕಿದ ಮೇಲೆ ಒಂದು ರಾತ್ರಿ ಚಾರ್ಜ್ ಆಗಲಿ.

ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಎಂದೂ ಹಾಕಬೇಡಿ. ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ರೋಲರ್ ಬಿಸಿಯಾಗುವಾಗ ಅದು 500 ವ್ಯಾಟಿಗೂ ಮೇಲೆ ಎಳೆಯುತ್ತದೆ. ನೇರ ಗೋಡೆಯ ಪ್ಲಗ್ಗಿಗೇ ಇರಲಿ.

ಇನ್ವರ್ಟರ್ ಸೈನ್ ವೇವ್ ಮಾದರಿಯದ್ದಾಗಿದ್ದು, ಹಿಂಭಾಗದ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿದರೆ ಹೆಚ್ಚಿನ ಕಂಪ್ಯೂಟರ್ ರೀಸ್ಟಾರ್ಟ್ ಆಗದೆ ನಡೆಯುತ್ತದೆ. ಕಾರಣ, ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಸಂಗ್ರಹದಿಂದ ಪೂರ್ತಿ ಭಾರಕ್ಕೆ ಒಂದು ಸೆಕೆಂಡಿನ ನೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಹೊತ್ತು ಮಾತ್ರ ನಿಲ್ಲಬಲ್ಲದು, ಅಷ್ಟರೊಳಗೆ ಇನ್ವರ್ಟರ್ ಬದಲಾಗಬೇಕು. ನಾರ್ಮಲ್ ಮೋಡ್ ಅದಕ್ಕಿಂತ ನಿಧಾನ. ತೊಂದರೆ ಏನೆಂದರೆ ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ. ಪಂಪ್‌ಸೆಟ್ಟುಗಳು ಓಡುವ ಹಳ್ಳಿಯ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಸಂಜೆ ಹೊತ್ತು ಇದು ದಿನಾ ಆಗಿ, ಕರೆಂಟು ಇದ್ದೂ ಬ್ಯಾಟರಿ ಖಾಲಿ. ನಿಮ್ಮದು ಹಾಸನ ಪಟ್ಟಣ, ಅಂಥ ಕಷ್ಟ ಕಡಿಮೆ. ಆದರೂ ಮಕ್ಕಳ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಬರೆಯುವ ಯಂತ್ರಕ್ಕೆ ಸಣ್ಣ ಯುಪಿಎಸ್ ಬೇರೆಯೇ ಇರಲಿ ಎನ್ನುವುದು ನಮ್ಮ ಮಾತು.

ಪ್ರಶ್ನೆ: ಅಪ್ಪನ ಹಳೇ ಕಂಪ್ಯೂಟರ್ ನನಗೆ ಬಂದಿದೆ. ಮೂರನೇ ಜನರೇಷನ್ ಐ5, ಎಚ್61 ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಆನ್ ಆಗಲು ಐದು ನಿಮಿಷ. ವಿಂಡೋಸ್ 10 ಮುಗಿಯಿತು, ಇದು ಗುಜರಿಗೇ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ನಿಜವೇ?
— ಪಿಯು ವಿದ್ಯಾರ್ಥಿ, ಅರಸೀಕೆರೆ

ಉತ್ತರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದು ನಿಜ. ಮನೆಬಳಕೆಯವರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ ಸಿಗುವಂತೆ 2026ರ ಅಕ್ಟೋಬರ್ 13ರವರೆಗಿನ ಒಂದು ವರ್ಷದ ವ್ಯವಸ್ಥೆಯನ್ನೂ ಅದು ಪ್ರಕಟಿಸಿತು. ವಿಂಡೋಸ್ 11 ಕೇಳುವುದು ಇಂಟೆಲ್‌ನಲ್ಲಾದರೆ ಎಂಟನೇ ಜನರೇಷನ್ ಅಥವಾ ಮುಂದಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ನಿನ್ನ ಯಂತ್ರಕ್ಕೆ ಎರಡೂ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇನೆ ಎನ್ನುವವರಿದ್ದಾರೆ, ಮುಂದಿನ ದೊಡ್ಡ ಅಪ್‌ಡೇಟ್ ಬರುತ್ತದೋ ಇಲ್ಲವೋ ಎಂಬ ಖಾತರಿ ಇಲ್ಲದ ದಾರಿ ಅದು.

ಗುಜರಿ ಎನ್ನುವುದು ಮಾತ್ರ ನಿಜವಲ್ಲ. ಆ ಪ್ರೊಸೆಸರ್ ನಾಲ್ಕು ಕೋರಿನದು, ಓದು ಬರಹಕ್ಕೆ, ವಿಡಿಯೋ ಪಾಠಕ್ಕೆ, ಕೋಡಿಂಗ್ ಕಲಿಯಲಿಕ್ಕೆ ಧಾರಾಳ ಸಾಕು. ಐದು ನಿಮಿಷ ತಿನ್ನುತ್ತಿರುವುದು ಹಾರ್ಡ್‌ಡಿಸ್ಕ್. ಅದರ ಮುಳ್ಳು ತಿರುಗುವ ತಟ್ಟೆಯ ಮೇಲೆ ಜಾಗ ಹುಡುಕಲು ಪ್ರತಿ ಸಲ ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ ನೂರು ಚೂರು ಓದುವುದೂ ಅದಕ್ಕೆ ಕಷ್ಟ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಬರೆದಿಡುವ ಡಿಸ್ಕ್) ಅದೇ ಸೆಕೆಂಡಿನಲ್ಲಿ ಸಾವಿರಾರು ಓದುತ್ತದೆ. ಎಚ್61 ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಹಳೇ ಮಾದರಿಯದು, ಸೆಕೆಂಡಿಗೆ ಸುಮಾರು 250 ಎಂಬಿ ಮೇಲೆ ಹೋಗದು. ಆದ್ದರಿಂದ ದುಬಾರಿ ಎಸ್‌ಎಸ್‌ಡಿ ಬೇಡ, ಸಾಧಾರಣ 2.5 ಇಂಚಿನ ಸಾಟಾ 240 ಜಿಬಿ ಸಾಕು. ಎಂ.2 ಎನ್ನುವ ಚಿಕ್ಕ ಪಟ್ಟಿಯಂಥದ್ದು ತರಬೇಡ, ಕೂರಿಸಲು ಜಾಗವೇ ಇಲ್ಲ. ರ‍್ಯಾಮ್ ಡಿಡಿಆರ್3, ಎರಡೇ ಸ್ಲಾಟ್. ಈಗಿರುವ 4 ಜಿಬಿ ಜೊತೆ ಇನ್ನೊಂದು 4 ಜಿಬಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ 8 ಆಯಿತು. ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ ಇದಕ್ಕೆ ಕೂರುವುದಿಲ್ಲ.

ಅದರ ಮೇಲೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕು. 8 ಜಿಬಿ ಪೆನ್‌ಡ್ರೈವ್, ಮಿಂಟಿನ ಸುಮಾರು 3 ಜಿಬಿಯ ಐಎಸ್‌ಒ ಫೈಲ್, ಅದನ್ನು ಪೆನ್‌ಡ್ರೈವಿಗೆ ಬರೆಯಲು ರೂಫಸ್ ಎಂಬ ಉಚಿತ ತಂತ್ರಾಂಶ ಇಷ್ಟು ಬೇಕು. ರೂಫಸ್ ಪೆನ್‌ಡ್ರೈವನ್ನು ಅಳಿಸಿಯೇ ಬರೆಯುತ್ತದೆ, ಅದರಲ್ಲಿರುವುದನ್ನು ಮೊದಲು ತೆಗೆದಿಡು. ಆನ್ ಮಾಡಿದ ತಕ್ಷಣ ಎಫ್12, ಎಫ್11 ಅಥವಾ ಎಫ್8 ಒತ್ತಿದರೆ ಯಾವುದರಿಂದ ಶುರುವಾಗಬೇಕು ಎಂಬ ಪಟ್ಟಿ ಬರುತ್ತದೆ, ಯಾವ ಕೀ ಎಂಬುದು ಬೋರ್ಡಿನ ತಯಾರಕರ ಮೇಲಿದೆ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ನಡೆಸಿ ಧ್ವನಿ, ವೈಫೈ, ಪ್ರಿಂಟರ್ ಮೂರನ್ನೂ ನೋಡು. ಎಲ್ಲ ಸರಿ ಇದ್ದರೆ ಕಂಪ್ಯೂಟರ್ ಆಫ್ ಮಾಡಿ, ಪಿನ್ ಕಿತ್ತು, *ಹಳೇ ಹಾರ್ಡ್‌ಡಿಸ್ಕಿನ ಕೇಬಲ್ ಬಿಚ್ಚಿ*, ಎಸ್‌ಎಸ್‌ಡಿ ಒಂದನ್ನೇ ಇಟ್ಟು ಇನ್‌ಸ್ಟಾಲ್ ಮಾಡು. ಇಡೀ ಡಿಸ್ಕ್ ಅಳಿಸಲೇ ಎಂದು ಅದು ಕೇಳುವಾಗ ಅಪ್ಪನ ಹತ್ತು ವರ್ಷದ ಫೋಟೋ ಇರುವ ಡಿಸ್ಕ್ ಅಲ್ಲಿ ಇರಲೇಬಾರದು. ಮುಗಿದ ಮೇಲೆ ಆಫ್ ಮಾಡಿ ಕೇಬಲ್ ಮತ್ತೆ ಹಾಕು, ಹಳೇ ಫೈಲೆಲ್ಲ ಹಾಗೇ ತೆರೆಯುತ್ತವೆ. ಅಪ್ಪ ಅದರಲ್ಲೇ ಟ್ಯಾಲಿ ಲೆಕ್ಕ ಬರೆಯುತ್ತಿದ್ದರೆ ಮಾತ್ರ ಕೇಳಿ ಮುಂದುವರಿ, ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು.

ಪ್ರಶ್ನೆ: ಕರೆಂಟು ಹೋಗಿ ಬಂದಾಗಲೆಲ್ಲ ತಾರೀಕು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಬ್ಯಾಂಕಿನ ವೆಬ್‌ಸೈಟ್ ಸುರಕ್ಷಿತವಲ್ಲ ಎಂದು ತೋರಿಸುತ್ತದೆ. ವೈರಸ್ಸೇ?
— ಅಂಗಡಿ ಮಾಲೀಕರು, ಚನ್ನರಾಯಪಟ್ಟಣ

ಉತ್ತರ: ವೈರಸ್ ಅಲ್ಲ, ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಸಿಆರ್ 2032, 3 ವೋಲ್ಟ್, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪಿನ್ ಕಿತ್ತು, ಪಕ್ಕದ ಸಣ್ಣ ಕೊಂಡಿ ಒತ್ತಿದರೆ ತಾನೇ ಮೇಲೆ ಜಿಗಿಯುತ್ತದೆ. ಕೂಡಿಸುವ ಗುರುತು ಇರುವ ಮುಖ ಮೇಲಕ್ಕೆ. ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ, ಕೊನೆಯ ದಿನಾಂಕ ಇರುತ್ತದೆ. ನಿಮ್ಮ ಗಡಿಯಾರ ಹಿಂದಿದ್ದರೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ ಎಂದು ಬ್ರೌಸರ್ ತಿಳಿಯುತ್ತದೆ. ಬ್ಯಾಟರಿ ಹಾಕಿ ತಾರೀಕು ಸರಿಪಡಿಸಿದರೆ ಎರಡೂ ಸರಿಯಾಗುತ್ತವೆ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಲೇಖನಗಳು ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆಯುತ್ತಿವೆ. ಎಲ್ಲ ಹೋಯಿತೇ?
— ನಿವೃತ್ತ ಅಧ್ಯಾಪಕರು, ಬೇಲೂರು

ಉತ್ತರ: ಮೇಷ್ಟ್ರೇ, ಒಂದು ಅಕ್ಷರವೂ ಹೋಗಿಲ್ಲ. ಆಗಿನ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಯಂತ್ರಕ್ಕೆ ಕೆಳಗಿನ ಸಂಕೇತ ಮಾತ್ರ ಕಾಣುತ್ತದೆ. ಹಳೇ ಯಂತ್ರದಿಂದ ಆ ಫಾಂಟ್ ಫೈಲುಗಳನ್ನು ತಂದು ಹಾಕಿದರೆ ಓದಲು ಬರುತ್ತದೆ. ಆದರೆ ಅಷ್ಟಕ್ಕೆ ನಿಲ್ಲಿಸದೆ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಕನ್ನಡಕ್ಕೆ ಅದರಲ್ಲಿ ತನ್ನದೇ ಸಂಕೇತಗಳಿವೆ, ಯಾವ ಫೋನಿನಲ್ಲೂ ತೆರೆಯುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯ ಪರಿವರ್ತಕ ಈ ಕೆಲಸ ಮಾಡುತ್ತದೆ. ಮೂಲವನ್ನು ಅಳಿಸದೆ ಪ್ರತಿಯ ಮೇಲೆ ಮಾಡಿ. ಬದಲಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು, ಲೇಖನದ ನಡುವೆ ಇದ್ದ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ತಿದ್ದಿ, ಎಡವಟ್ಟಾಗುವುದು ಅಲ್ಲೇ.

ಬೆರಳಿಗೆ ಅಭ್ಯಾಸವಾದ ಕೀಲಿಮಣೆಯನ್ನು ಬಿಡಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸ ಯೂನಿಕೋಡಿಗೂ ಇದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ಮೊದಲಿನಂತೆಯೇ ‘ಕನ್ನಡ’ ಎಂದು ಮೂಡುತ್ತದೆ. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದಡಿ ಕಗಪ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲೇ ಸಿಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಪ್ರಿಂಟರಿಗೆ ಎರಡೆರಡು ಹಾಳೆ ಒಟ್ಟಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ.
— ಓದುಗರು, ಬಾಳೆಹೊನ್ನೂರು

ಉತ್ತರ: ಕಾಗದ ಶೀತ ಹೀರಿದೆ. ಟ್ರೇಯಲ್ಲಿ ಆ ದಿನಕ್ಕೆ ಬೇಕಾದ ಹತ್ತಿಪ್ಪತ್ತು ಹಾಳೆ ಮಾತ್ರ ಇರಲಿ. ಉಳಿದದ್ದು ಅದರದೇ ಮೇಣದ ಹೊದಿಕೆಯಲ್ಲಿ ಮುಚ್ಚಿ, ಗಾಳಿಯಾಡದ ಡಬ್ಬದಲ್ಲಿರಲಿ. ಇಂಕ್ ಟ್ಯಾಂಕ್ ಪ್ರಿಂಟರಾದರೆ ವಾರಕ್ಕೊಂದು ಬಣ್ಣದ ಪುಟ ತೆಗೆಯಿರಿ, ಮೂತಿ ಕಟ್ಟಿಕೊಳ್ಳುವುದಿಲ್ಲ.

ಪ್ರಶ್ನೆ: ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ), ಕಾಫಿ ಲೆಕ್ಕ ಎಲ್ಲವೂ ಒಂದೇ ಹಾರ್ಡ್‌ಡಿಸ್ಕಿನಲ್ಲಿದೆ. ನಾಲ್ಕು ದಿನದಿಂದ ಟಕ್ ಟಕ್ ಸದ್ದು. ಫೈಲ್ ತೆರೆಯಲು ತಡವಾಗುತ್ತದೆ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಯಾಗುತ್ತದೆ ಎಂದು ಒಬ್ಬರು ಹೇಳಿದರು.
— ಬೆಳೆಗಾರರು, ಸಕಲೇಶಪುರ

ಉತ್ತರ: ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗಿನ ಡಿಸ್ಕ್ ಹೊರಗೆ ತಂದೊಡನೆ ಸಕಲೇಶಪುರದ ಗಾಳಿ ಅದರ ಮೇಲೆ, ಒಳಗೂ ಬೆವರುತ್ತದೆ, ತಟ್ಟೆಯ ಮೇಲಿನ ಒಂದು ಹನಿ ಸಾಕು ಎಲ್ಲ ಮುಗಿಯಲು. ಡಿಸ್ಕ್ ಪರೀಕ್ಷಿಸುವ, ಸರಿಪಡಿಸುವ ಯಾವ ತಂತ್ರಾಂಶವನ್ನೂ ಓಡಿಸಬೇಡಿ. ಅವು ಇಡೀ ಡಿಸ್ಕನ್ನು ಓದಿಸುತ್ತವೆ, ನಿಮ್ಮ ಡಿಸ್ಕಿಗೆ ಇನ್ನೆಷ್ಟು ಗಂಟೆ ಆಯಸ್ಸಿದೆಯೋ ಅದು ಅದರಲ್ಲೇ ಕಳೆಯುತ್ತದೆ.

ಒಂದು ಪೆನ್‌ಡ್ರೈವ್ ಕೈಯಲ್ಲಿ ಹಿಡಿದು, ಏನೇನು ಬೇಕೆಂದು ಮೊದಲು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಆನ್ ಮಾಡಿ. ಈ ವರ್ಷದ ಚೆಕ್‌ರೋಲ್ ಮೊದಲು, ಹಿಂದಿನ ವರ್ಷಗಳದ್ದು ಆಮೇಲೆ. ಎಕ್ಸೆಲ್ ಫೈಲುಗಳು ಸಣ್ಣವು, ಎರಡು ಮೂರು ನಿಮಿಷದ ಕೆಲಸ. ಫೋಟೋ, ವಿಡಿಯೋ ಕೊನೆಗೆ. ಯಾವುದೋ ಫೈಲಿನಲ್ಲಿ ಸಿಕ್ಕಿಕೊಂಡು ಮುಂದೆ ಹೋಗದಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಡಿಸ್ಕ್ ಕಾಣಿಸುವುದೇ ನಿಂತುಹೋದರೆ ಆಫ್ ಮಾಡಿ ಹಾಗೇ ಇಡಿ. ಆಮೇಲೆ ಅದು ದತ್ತಾಂಶ ಹೊರತೆಗೆಯುವ ಪರಿಣತರ ಕೆಲಸ, ಮಾಮೂಲಿ ಅಂಗಡಿಯಲ್ಲಿ ಬಿಚ್ಚಲು ಕೊಡಬೇಡಿ.

ಹೊಸ ಡಿಸ್ಕ್ ಬಂದ ಮೇಲೆ ಹೊರಗಿನ ಹಾರ್ಡ್‌ಡಿಸ್ಕ್ ಎರಡು ಇರಲಿ. ಬಟವಾಡೆಯ ದಿನ, ಚೆಕ್‌ರೋಲ್ ಮುಚ್ಚಿದ ಕೂಡಲೇ ತೋಟದ ರೈಟರ್ (ಗುಮಾಸ್ತರು) ಒಂದಕ್ಕೆ ನಕಲು ಮಾಡಲಿ, ಮುಂದಿನ ವಾರ ಇನ್ನೊಂದಕ್ಕೆ. ಒಂದು ಡಿಸ್ಕ್ ಹಾಸನದಲ್ಲೋ ನೆಂಟರ ಮನೆಯಲ್ಲೋ ಇರಲಿ, ಬಂಗಲೆಗೆ ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗಬಾರದು. ನಕಲು ಮುಗಿದ ತಕ್ಷಣ ಕೇಬಲ್ ಕಿತ್ತು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗೆ ಸೇರಿಸಿ. ತಿಂಗಳಿಗೊಮ್ಮೆ ನಕಲಿನ ಡಿಸ್ಕಿನಿಂದಲೇ ಒಂದು ಫೈಲ್ ತೆರೆದು, ಕೊನೆಯ ವಾರದ ಆಳುಗಳ ಲೆಕ್ಕ ಅದರಲ್ಲಿ ಬಂದಿದೆಯೇ ಎಂದು ನೀವೇ ನೋಡಿ.